ಸಾಹುಕಾರರ ಮನೆ, ಮೋತ್ಯಾನ ಕಿವಿ

ಕೊಲ್ಲಾಪುರದಲ್ಲಿ ಒಂದೂವರೆ ತಿಂಗಳು ಇರಲಿಕ್ಕೆ ಮನೆ ಸಿಗುತ್ತದೆ ಎಂದರೆ ನಾನು ಆಗ ನಾಯಿಯನ್ನಲ್ಲ, ಹುಲಿಯನ್ನು ಕಾಯಲಿಕ್ಕೂ ಒಪ್ಪುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ನೂಲಿನ ದರ ಏರಿ, ಬಟ್ಟೆಗೆ ಗಿರಾಕಿ ಇಲ್ಲದೆ, ಇಚಲಕರಂಜಿಯ ಮಗ್ಗದ ಮಾಲಕರು ಶೆಡ್ಡುಗಳಿಗೆ ಕೀಲಿ ಹಾಕಿಕೊಂಡು ಕೂತಿದ್ದರು. ನಾನು ಅಲ್ಲಿ ಜಾಬರ. ಎಂದರೆ ಪಾವರಲೂಮ್ ಕೆಟ್ಟರೆ ಬಿಚ್ಚಿ ಕೂಡಿಸುವವನು. ಮಗ್ಗವೇ ನಡೆಯದಿದ್ದರೆ ಕೆಡುವುದಾದರೂ ಏನು? ಖೋಲಿಯಲ್ಲಿ ಬಿದ್ದುಕೊಂಡು ತಗಡಿನ ಮಾಡು ನೋಡುತ್ತಿದ್ದೆ.

ಅಂಥ ಹೊತ್ತಿನಲ್ಲಿ ನಮ್ಮ ಮಾಲಕರು ಕರೆದು ಹೇಳಿದರು. ಅವರ ಬೀಗರದು ಕೊಲ್ಲಾಪುರದಲ್ಲಿ ಬೆಲ್ಲದ ವ್ಯಾಪಾರ. ಮನೆಮಂದಿಯೆಲ್ಲ ದೂರದ ಜೈನ ಕ್ಷೇತ್ರ ಶಿಖರ್ಜಿಯ ಯಾತ್ರೆಗೆ ಹೊರಟಿದ್ದಾರೆ. ಮನೆ ಕಾಯಲಿಕ್ಕೆ, ನಾಯಿ ನೋಡಿಕೊಳ್ಳಲಿಕ್ಕೆ ನಂಬಿಗಸ್ತ ಮನುಷ್ಯ ಬೇಕು. ನಾನು ಪಗಾರದ ಮಾತನ್ನೇ ಎತ್ತಲಿಲ್ಲ. ಗಡಹಿಂಗ್ಲಜದಲ್ಲಿ ಚಡ್ಡಿ ಹಾಕಿಕೊಂಡು ತಿರುಗುವ ಕಾಲದಿಂದಲೂ ನನಗೆ ಊರು ಎಂದರೆ ಕೊಲ್ಲಾಪುರ ಒಂದೇ, ಉಳಿದವೆಲ್ಲ ಬಸ್ಸು ನಿಲ್ಲುವ ಜಾಗಗಳು. ಅಲ್ಲಿಗೆ ಹೋದಾಗಲೆಲ್ಲ ಸಂಜೆಯ ಬಸ್ಸಿಗೆ ಮರಳಬೇಕಾಗುತ್ತಿತ್ತು. ಒಮ್ಮೆಯಾದರೂ ಬಸ್ಸಿನ ಚಿಂತೆಯಿಲ್ಲದೆ ಆ ಊರಿನಲ್ಲಿ ಬೆಳಗಾಗಬೇಕೆಂಬುದು ನನ್ನ ಆಸೆ.

ಮನೆ ಶಾಹುಪುರಿಯಲ್ಲಿ, ಬೆಲ್ಲದ ಪೇಟೆಯ ಬೆನ್ನಿಗೇ ಇತ್ತು. ಸಾಹುಕಾರರ ಮೂಲ ಊರು ಅಕಿವಾಟ. ಜೈನರು, ಹೊರಗೆ ಮರಾಠಿ, ಒಳಗೆ ಕನ್ನಡ. ಮನೆಯ ಆಡಳಿತವೆಲ್ಲ ಅವರ ಅಕ್ಕನದು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದ, ಬಿಳಿ ಸೀರೆಯ, ಕಡ್ಡಿಯಂಥ ಮುದುಕಿ. ನನ್ನನ್ನು ಬಾವಿಯ ಕಟ್ಟೆಗೆ ಕರೆದೊಯ್ದು ಮೊದಲು ಕಲಿಸಿದ್ದು ನೀರು ಸೋಸುವುದನ್ನು.

"ಬಟ್ಟಿ ಎರಡ ಪದರ ಮಾಡು. ಸೋಸಿದ ಮ್ಯಾಲ ಬಟ್ಟಿ ಝಾಡಿಸಬ್ಯಾಡ. ಅದರಾಗ ಜೀವ ಇರ್ತಾವ. ಉಲ್ಟಾ ಮಾಡಿ, ಸೋಸಿದ ನೀರಿಲೇನs ತೊಳೀಬೇಕು. ಆ ನೀರ ಮತ್ತ ಬಾವಿಗೆ ಬಿಡಬೇಕು. ಮ್ಯಾಲಿಂದ ಸುರವೂದಲ್ಲ ಮತ್ತ!"

ಅದಕ್ಕೊಂದು ಸಣ್ಣ ಹಿತ್ತಾಳೆಯ ಗಿಂಡಿ ಇತ್ತು. ಕೊರಳಿಗೊಂದು ಹಗ್ಗ, ತಳಕ್ಕೊಂದು ಹಗ್ಗ. ಮೆಲ್ಲಗೆ ಇಳಿಸಬೇಕು, ತಳ ನೀರಿಗೆ ತಾಗಿದ ಮೇಲೆ ಕೆಳಗಿನ ಹಗ್ಗ ಜಗ್ಗಿ ಬೋರಲು ಮಾಡಬೇಕು. ಮೇಲಿಂದ ಬಿದ್ದರೆ ಆ ಕಣ್ಣಿಗೆ ಕಾಣದ ಜೀವಗಳಿಗೆ ಪೆಟ್ಟಾಗುತ್ತದಂತೆ. ಕೊಲ್ಲಾಪುರದ ಮಟನ್ನಿನ ಕೆಂಪು ರಸ್ಸಾಕ್ಕಾಗಿಯೇ ಬಾಯಿ ಬಿಡುತ್ತಿದ್ದ ನಾನು ಗೋಣು ಹಾಕುತ್ತ ಕಲಿತೆ. ಗಡ್ಡೆಗೆಣಸು, ಉಳ್ಳಾಗಡ್ಡಿ ಒಳಗೆ ಬರಬಾರದು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ನಂದೂ ನಾಯಿಯದೂ.

ಕಡೆಗೆ ಅಕ್ಕ ಹೇಳಿದರು: "ತಮ್ಮಾ, ನಾ ಯಾತ್ರಾಕ ಹೊಂಟೇನಿ. ನನ್ನ ಹಿಂದ ಈ ಮನ್ಯಾಗ ಒಂದ ಜೀವ ಸತ್ತರೂ ನನ್ನ ಯಾತ್ರಾ ಮಣ್ಣಾಗ್ತೈತಿ. ನಾ ಅನ್ನ ನೀರ ಬಿಟ್ಟು ಕುಂಡ್ರಾಕಿ, ಹೇಳಿರ್ತೇನಿ."

"ಇಲ್ರಿ ಅಕ್ಕಾರ. ಇರುವಿನೂ ತುಳಿಯೂದಿಲ್ಲ" ಎಂದೆ.

ಸಾಹುಕಾರರು ಗೇಟಿನ ಹತ್ತಿರ ಬಂದು, "ಮೋತ್ಯಾನ್ನ ಛಲೋ ನೋಡ್ಕೊ. ನಾವು ಬಂದಾಗ ಅದು ಛಲೋ ಇತ್ತಂದ್ರ ಹಿತ್ತಲದಾಗಿನ ಖೋಲಿ ನಿಂದs ಅಂತ ತಿಳಿ. ಪೇಟ್ಯಾಗ ಕೆಲಸಾನೂ ಕೊಡಸ್ತೇನಿ" ಎಂದರು. ಕೊಲ್ಲಾಪುರದಲ್ಲಿ ಖೋಲಿ! ನಾನು ಅವರ ಹಾಸಿಗೆಯ ಕಟ್ಟನ್ನು ಹೆಗಲ ಮೇಲೆ ಹೊತ್ತು ಸ್ಟೇಷನ್ನಿನ ತನಕ ಓಡಿದೆ.

ಮೋತ್ಯಾ ಆ ನಾಯಿಯ ಹೆಸರು. ಕಂದು ಬಣ್ಣದ, ದಪ್ಪ ತಲೆಯ, ವಯಸ್ಸಾದ ನಾಯಿ. ಹುಟ್ಟಿದಾಗಿನಿಂದ ಹಾಲು ರೊಟ್ಟಿ ತಿಂದು ಬೆಳೆದದ್ದು. ಮೊದಲ ದಿನವೇ ನನ್ನ ಕೈ ಮೂಸಿ, ನಿನ್ನೆ ಎಲ್ಲಿ ಏನು ತಿಂದೆ ಎಂದು ಗೊತ್ತಾದವರ ಹಾಗೆ ಮುಖ ನೋಡಿತು. ಎರಡೇ ದಿನಕ್ಕೆ ನನ್ನ ಕಾಲ ಮೇಲೆ ತಲೆಯಿಟ್ಟು ಮಲಗತೊಡಗಿತು.

ಮೊದಲ ವಾರ ನಾನು ರಾಜ. ಬೆಳಿಗ್ಗೆ ಗಂಗಾವೇಶಿಯ ಕಟ್ಟೆಯಲ್ಲಿ ಎಮ್ಮೆ ಕರೆದು ಕೈಗೇ ಕೊಡುವ ನೊರೆಹಾಲು. ಮಧ್ಯಾಹ್ನ ಮಹಾದ್ವಾರ ರಸ್ತೆಯಲ್ಲಿ ಅಂಗಡಿ ಅಂಗಡಿ ನೋಡುತ್ತ ನಡೆಯುವುದು, ಏನೂ ಕೊಳ್ಳದೆ. ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ರಸ್ಸಾ ಉಂಡು, ಬೀದಿಯ ನಳದಲ್ಲಿ ಬಾಯಿಯನ್ನಷ್ಟೇ ಅಲ್ಲ, ಕೈಯನ್ನೂ ಮೊಳಕೈತನಕ ತೊಳೆದುಕೊಂಡು ಮನೆಗೆ ಬಂದೆ. ಸಂಜೆ ಮೋತ್ಯಾನನ್ನು ಕರೆದುಕೊಂಡು ರಂಕಾಳಾ ಕೆರೆ. ಕಟ್ಟೆಯ ಮೇಲೆ ಕೂತರೆ ಗಾಳಿ, ಭೇಳ ಮಾರುವವನ ಕೂಗು. ಈ ಊರಿನವನೇ ಅಂದುಕೊಂಡು ಒಬ್ಬರು ನನಗೆ ದಾರಿ ಕೇಳಿದರು. ಆ ಖುಷಿ ಯಾರಿಗೆ ಹೇಳಲಿ!

ಒಂದು ಸಂಜೆ ರಂಕಾಳಾದಿಂದ ಮರಳುವಾಗ ಪೇಟೆಯ ಮೂಲೆಯಲ್ಲಿ ಒಂದು ಬೀದಿನಾಯಿ ಮೋತ್ಯಾನ ಮೇಲೆ ಎರಗಿತು. ನಾನು ಕಲ್ಲು ಎತ್ತಿದ್ದೇ ಓಡಿಹೋಯಿತು. ಮೋತ್ಯಾನ ಎಡಗಿವಿಯ ಹಿಂದೆ ಹಲ್ಲು ನೆಟ್ಟಿತ್ತು. ಚಿಕ್ಕ ಗಾಯ. ತೊಳೆದು ಅರಿಸಿನ ಹಚ್ಚಿದೆ. ಮಗ್ಗದಲ್ಲಿ ಬೆರಳು ಹರಿದರೆ ನಾವು ಅಷ್ಟೂ ಮಾಡುವುದಿಲ್ಲ.

ಆದರೆ ದೀಪಾವಳಿ ಮುಗಿದು ಹೊಸ ಬೆಲ್ಲ ಪೇಟೆಗೆ ಬರುವ ಕಾಲ ಅದು. ಗಾಡಿಗಟ್ಟಲೆ ಬೆಲ್ಲದ ಪೆಂಟೆ, ಅದರ ಹಿಂದೆ ಊರೆಲ್ಲದರ ನೊಣ. ಗೋಡೆ ದಾಟಿದರೆ ನಮ್ಮ ಅಂಗಳ. ನಾಲ್ಕಾರು ದಿನದಲ್ಲಿ ಮೋತ್ಯಾ ತಲೆ ಒಂದೇ ಕಡೆ ವಾಲಿಸಿಕೊಂಡು ತಿರುಗತೊಡಗಿತು. ಹತ್ತಿರ ಹೋದರೆ ಕೊಳೆತ ವಾಸನೆ. ಕಿವಿ ಎತ್ತಿ ನೋಡಿದೆ. ಹಲ್ಲು ನೆಟ್ಟಲ್ಲಿ ಹೆಬ್ಬೆರಳು ಹೋಗುವಷ್ಟು ತೂತು, ಅದರೊಳಗೆ ಬಿಳಿ ಹುಳ, ಅಕ್ಕಿ ಕುದಿಯುವ ಹಾಗೆ.

ದನದ ದವಾಖಾನೆಗೆ ಓಡಿದೆ. ಡಾಕ್ಟರು ಇರಲಿಲ್ಲ. ಕಂಪೌಂಡರ ಬೀಡಿ ಸೇದುತ್ತ ಕೇಳಿಸಿಕೊಂಡ.

"ಟರ್ಪೆಂಟೈನ್ ಓತ. ಕಿಡೇ ಮರತೀಲ" ಎಂದ. ಸುರುವು, ಹುಳ ಸಾಯುತ್ತವೆ.

"ಕಿಡೇ ಮಾರಾಯಚೇ ನಾಹೀತ" ಎಂದೆ. ಹುಳಗಳನ್ನು ಕೊಲ್ಲುವ ಹಾಗಿಲ್ಲ.

ಅವನು ಬೀಡಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮಗ ಏಕೇಕ ಕಾಢತ ಬಸ!" ಹಾಗಾದರೆ ಒಂದೊಂದೇ ತೆಗೆಯುತ್ತ ಕೂಡು ಎಂದು ನಕ್ಕ. ಅವನು ಚೇಷ್ಟೆಗೆ ಹೇಳಿದ್ದು. ನಾನು ಮನೆಗೆ ಬಂದು ಅದನ್ನೇ ಮಾಡಿದೆ.

ನೂಲಿನ ಗಂಟು ಕೀಳುವ ಚಿಮಟಿ ಜಾಬರನ ಕಿಸೆಯಲ್ಲಿ ಯಾವಾಗಲೂ ಇರುತ್ತದೆ. ಧೋತರದ ಪಟ್ಟಿ ಹರಿದು ಮೋತ್ಯಾನ ಬಾಯಿ ಕಟ್ಟಿದೆ. ಅಂಗಳದ ಬಿಸಿಲಿನಲ್ಲಿ ಕೂತು ಅದರ ತಲೆಯನ್ನು ತೊಡೆಗಳ ನಡುವೆ ಸಿಗಿಸಿಕೊಂಡೆ. ಬೆಳಕು ಬಿದ್ದರೆ ಹುಳ ಒಳಗೆ ಓಡುತ್ತವೆ. ಕೈಯಿಂದ ನೆರಳು ಮಾಡಿ ಕಾಯಬೇಕು. ಹುಳ ಉಸಿರಾಡುವುದು ಬಾಲದಿಂದ, ಅದಕ್ಕೆ ಬಾಲದ ತುದಿ ಮೇಲೆ ಬರುತ್ತದೆ. ಆಗ ಹಿಡಿಯಬೇಕು. ಜೋರಾಗಿ ಜಗ್ಗಿದರೆ ಹರಿಯುತ್ತದೆ, ಅರ್ಧ ಒಳಗೇ ಉಳಿದು ಕೊಳೆಯುತ್ತದೆ. ಮೆಲ್ಲಗೆ, ಹರಿದ ಎಳೆ ಹೊರತೆಗೆದ ಹಾಗೆ ತೆಗೆಯಬೇಕು. ತೆಗೆದದ್ದನ್ನು ತೆಂಗಿನ ಚಿಪ್ಪಿನಲ್ಲಿ ಹಾಕಿದೆ. ಅವುಗಳಿಗೂ ಊಟ ಬೇಕಲ್ಲ? ಕೊಳೆತ ಬಾಳೆಹಣ್ಣು ಇಟ್ಟೆ. ಒಣಗದ ಹಾಗೆ ಒದ್ದೆ ಬಟ್ಟೆ ಹೊದಿಸಿದೆ. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಆಗ ಮಾತ್ರ ಬಹಳ ದೊಡ್ಡ ಧರ್ಮದ ಕೆಲಸ ಮಾಡುತ್ತಿದ್ದೇನೆಂದು ನಂಬಿದ್ದೆ. ನನ್ನ ಖೋಲಿಯ ಆಸೆಯೂ ಆ ಧರ್ಮದಲ್ಲಿ ಕಲೆತಿತ್ತು.

ದಿನವೂ ಬೆಳಿಗ್ಗೆ ಅದೇ ಕೆಲಸ. ಮೇಲಿನವನ್ನು ತೆಗೆದರೆ ಒಳಗಿನವು ಇನ್ನೂ ಒಳಗೆ ಕೊರೆದುಕೊಂಡು ಹೋಗುತ್ತಿದ್ದವು. ಮೋತ್ಯಾ ಮೊದಮೊದಲು ನರಳುತ್ತಿತ್ತು. ಆಮೇಲೆ ಕಟ್ಟಿದ ಬಾಯಿಯಲ್ಲೇ ಊಳಿಡತೊಡಗಿತು. ಒಮ್ಮೆ ಪಟ್ಟಿ ಸಡಿಲಾಗಿ ನನ್ನ ಮಣಿಕಟ್ಟಿಗೆ ಬಾಯಿ ಹಾಕಿತು. ನಾನು ಅದಕ್ಕೆ ತಾಯಿ ಮೇಲಿನ ಬೈಗುಳ ಬೈದೆ. ಗೋಡೆಯಾಚೆ ಊರು ತನ್ನ ಪಾಡಿಗೆ ನಡೆದಿತ್ತು. ಖಾಸಬಾಗದ ಕುಸ್ತಿಯ ಡಂಗುರ ರಿಕ್ಷಾದಲ್ಲಿ ಕೂಗುತ್ತ ಹೋಯಿತು. ಗಂಗಾವೇಶಿಯ ಹಾಲು ಇಲ್ಲ, ರಂಕಾಳಾ ಇಲ್ಲ. ಯಾವ ಊರಿಗಾಗಿ ಬಂದೆನೋ ಅದರ ಸದ್ದು ಕೇಳುತ್ತ, ನಾಯಿಯ ಕಿವಿಯಲ್ಲಿ ಕಣ್ಣು ನೆಟ್ಟು ಕೂತಿದ್ದೆ. ಆ ನಾಯಿಯನ್ನು ನಾನು ದ್ವೇಷಿಸತೊಡಗಿದೆ. ಸತ್ತರೆ ಸಾಯಲಿ ಅನ್ನಲಿಕ್ಕೂ ಬರುವಂತಿರಲಿಲ್ಲ. ಅದು ಸತ್ತರೆ ಖೋಲಿ ಹೋಗುತ್ತದೆ, ಹುಳ ಸತ್ತರೆ ಅಕ್ಕ ಉಪವಾಸ ಕೂಡುತ್ತಾರೆ.

ಒಂದು ಬೆಳಿಗ್ಗೆ ಚಿಪ್ಪಿನ ಮೇಲಿನ ಬಟ್ಟೆ ಎತ್ತಿದೆ. ಮೊದಲು ಹಾಕಿದ ಹುಳಗಳು ಕಂದು ಬೀಜದ ಹಾಗೆ ಗಟ್ಟಿಯಾಗಿದ್ದವು, ಕೆಲವು ಒಡೆದಿದ್ದವು. ಬಟ್ಟೆಯಡಿಯಿಂದ ಹಸಿರು ಮೈಯ ಹೊಸ ನೊಣಗಳು ಭರ್ರೆಂದು ಎದ್ದವು. ಎದ್ದು ದೂರ ಹೋಗಲಿಲ್ಲ. ಅಂಗಳದಲ್ಲಿ ಮಲಗಿದ್ದ ಮೋತ್ಯಾನ ಕಿವಿಯ ಮೇಲೆ ಹೋಗಿ ಕೂತವು. ಬಾಳೆಹಣ್ಣು ತಿನ್ನಿಸಿ, ಒದ್ದೆ ಬಟ್ಟೆ ಹೊದಿಸಿ, ನಾನೇ ಸಾಕಿ ಬೆಳೆಸಿದ ನೊಣಗಳು ಅವು. ಚಿಪ್ಪನ್ನು ಕೈಯಲ್ಲಿ ಹಿಡಿದುಕೊಂಡು ದೊಡ್ಡ ದನಿಯಲ್ಲಿ ನಕ್ಕುಬಿಟ್ಟೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ನೋಡಿದರು.

ಅವತ್ತೇ ಮಧ್ಯಾಹ್ನ ಅಕಿವಾಟದ ಕಾಕಾ ಬಂದರು. ಅಕ್ಕನಿಗೆ ದಾಯಾದಿ ತಮ್ಮ, ಹೊಲ ಮನೆ ನೋಡಿಕೊಂಡಿರುವ ರೈತ. ನಡುನಡುವೆ ಬಂದು ಮನೆ ನೋಡಿಹೋಗಬೇಕೆಂದು ಸಾಹುಕಾರರು ಅವರಿಗೆ ಹೇಳಿಹೋಗಿದ್ದರು. ಶೇಂಗಾದ ಚೀಲ ಇಳಿಸುವುದರೊಳಗೆ ಅವರ ಮೂಗಿಗೆ ವಾಸನೆ ಬಡಿಯಿತು. ಮೋತ್ಯಾನ ಕಿವಿ ನೋಡಿದರು, ಚಿಪ್ಪು ನೋಡಿದರು, ನನ್ನನ್ನು ನೋಡಿದರು.

"ಏ ಜಾಬರಾ, ಹುಚ್ಚ ಹಿಡದೈತೇನ ನಿನಗ? ಹುಳ ಸಾಕಾಕತ್ತೀಯಲ್ಲೋ!"

"ಅಕ್ಕಾರ ಹೇಳ್ಯಾರ್ರಿ ಕಾಕಾ. ಒಂದ ಜೀವ ಸಾಯಬಾರ್ದಂತ."

"ನಮ್ಮ ಎತ್ತಿಗೆ ಹುಳ ಬಿದ್ದರ ನಾ ಏನ ಮಾಡ್ತೇನಿ? ಸೀತಾಫಳದ ಎಲಿ ಅರದ ತುಂಬತೇನಿ. ನಾನೂ ಜೈನನs ಇದ್ದೇನಿ. ಇದು ನಾಕ ದಿನದಾಗ ಮಿದಳಿಗೆ ಏರತೈತಿ ನೋಡು. ಮೋತ್ಯಾ ಜೀವ ಅಲ್ಲೇನು?"

"ಅಕ್ಕಾರಿಗೆ ಗೊತ್ತಾದ್ರ?"

"ಅಕ್ಕಗ ನಾ ಹೇಳ್ತೇನಿ. ಎಲ್ಲಾ ನನ್ನ ಮ್ಯಾಲ ಇರಲಿ."

ಆ ಮಾತಿಗೆ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಕಾಕಾನೇ ಹೋಗಿ ಬಣ್ಣದ ಅಂಗಡಿಯಿಂದ ಟರ್ಪೆಂಟೈನ್ ಶೀಶೆ ತಂದರು. ತಂದವರು ಅದನ್ನು ನನ್ನ ಕೈಗೆ ಕೊಟ್ಟರು.

"ನೀ ಸುರವು. ಒಳಗ ದೇವರ ಖೋಲಿ ಐತಿ. ಅಕ್ಕನ ಮನ್ಯಾಗ ನನ್ನ ಕೈ ಏಳೂದಿಲ್ಲ."

ನಾಯಿಯನ್ನು ಹಿಡಿಯಲಿಕ್ಕೂ ಅವರು ಬರಲಿಲ್ಲ. ತುಳಸಿ ಕಟ್ಟೆಯಿಲ್ಲದ ಆ ಅಂಗಳದ ತುದಿಗೆ ಹೋಗಿ, ಬಾವಿಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದರು. ಹುಳಗಳಿಗಾಗಿಯೋ, ತಮಗಾಗಿಯೋ ನನಗೆ ತಿಳಿಯಲಿಲ್ಲ.

ನಾನು ಮೋತ್ಯಾನ ಬಾಯಿ ಬಿಗಿದೆ. ನಾಲ್ಕೂ ಕಾಲು ಸೇರಿಸಿ ಕಟ್ಟಿದೆ. ಬೆನ್ನ ಮೇಲೆ ಮೊಣಕಾಲು ಊರಿ, ಕಿವಿ ಮಡಿಚಿ ಹಿಡಿದು, ಶೀಶೆ ಬಗ್ಗಿಸಿದೆ. ಹಸಿ ಮಾಂಸಕ್ಕೆ ಟರ್ಪೆಂಟೈನ್ ಬಿದ್ದರೆ ಏನಾಗುತ್ತದೆಂದು ನಾನು ವರ್ಣಿಸಬೇಕಾಗಿಲ್ಲ. ಕಟ್ಟಿದ ಬಾಯಿಂದಲೂ ಅಂಥ ಕೂಗು ಹೊರಡಬಹುದೆಂದು ನನಗೆ ಗೊತ್ತಿರಲಿಲ್ಲ. ಹುಳಗಳು ಗುಂಪುಗುಂಪಾಗಿ ಹೊರಗೆ ಬಿದ್ದು ಫರಸಿಗಲ್ಲಿನ ಮೇಲೆ ಹೊರಳಿ ಸೆಟೆದವು. ಮೋತ್ಯಾ ಒಂದೇ ಸಮನೆ ನನ್ನ ಮುಖವನ್ನೇ ನೋಡುತ್ತಿತ್ತು. ಬೇರೆ ಯಾರನ್ನು ನೋಡಬೇಕು ಅದು? ಅಲ್ಲಿ ಅದಕ್ಕೆ ಕಾಣುವಂತೆ ಇದ್ದವನು ನಾನೊಬ್ಬನೇ.

ಕಾಕಾ ಮಂತ್ರ ಮುಗಿಸಿ, ಫರಸಿ ತೊಳೆಯಲು ಹೇಳಿ, "ಒಮ್ಮಿಗೆ ಆಗೂದಿಲ್ಲ, ಇನ್ನ ನಾಕ ದಿನಾ ಹಾಕು" ಎಂದು ಅಕಿವಾಟದ ದಾರಿಯ ಶಿರೋಳದ ಬಸ್ಸಿಗೆ ಹೋದರು. ನಾನು ಹಾಕಿದೆ. ಪ್ರತಿ ದಿನ ಅದೇ ಕಟ್ಟು, ಅದೇ ಮೊಣಕಾಲು. ತೂತು ಬರಿದಾಯಿತು. ಅರಿಸಿನ, ಬೇವಿನೆಣ್ಣೆ ತುಂಬಿದೆ. ಕೆಂಪು ಮಾಂಸ ಒಳಗಿನಿಂದ ಮೇಲಕ್ಕೆ ಬರತೊಡಗಿತು. ಎರಡು ವಾರದಲ್ಲಿ ಚರ್ಮ ಕೂಡಿತು, ಕೂದಲಿಲ್ಲದ ಒಂದು ಬಿಲ್ಲೆ ಮಾತ್ರ ಉಳಿಯಿತು. ಮಗ್ಗ ಬಿಚ್ಚಿ ಕೂಡಿಸಿದಾಗ ಆಗದಷ್ಟು ಹೆಮ್ಮೆ ನನಗೆ ಆ ಬಿಲ್ಲೆ ನೋಡಿ ಆಯಿತು.

ಆದರೆ ಮೋತ್ಯಾ ನನ್ನನ್ನು ಬಿಟ್ಟಿತು. ನನ್ನ ಹೆಜ್ಜೆ ಕೇಳಿದರೆ ಸಾಕು, ಮಂಚದ ಕೆಳಗೆ ಹೋಗಿ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಕೈ ಚಾಚಿದರೆ ಕೂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಹಾಲು ರೊಟ್ಟಿ ಇಟ್ಟು ನಾನು ಬಾಗಿಲ ಹೊರಗೆ ಹೋದ ಮೇಲೆಯೇ ಬಾಯಿ ಹಾಕುವುದು. ನಾಲ್ಕು ದಿನದಲ್ಲಿ ಮರೆತೀತು ಅಂದುಕೊಂಡೆ. ಎದುರಿಗೆ ಕೂತು ಗಂಟೆಗಟ್ಟಲೆ ಮಾತಾಡಿದೆ. "ನಿನ್ನ ಜೀವ ಉಳಿಸೇನಲ್ಲೋ ಹಡಬಿಟ್ಟಿ" ಎಂದು ಒಮ್ಮೆ ಅತ್ತೂ ಬಿಟ್ಟೆ. ಅದು ನನ್ನ ಕೈಗಳನ್ನೇ ನೋಡುತ್ತಿತ್ತು, ಮುಖವನ್ನಲ್ಲ.

ಯಾತ್ರೆಯವರು ಬಂದದ್ದು ಬೆಳಗಿನ ರೈಲಿಗೆ. ಅವರನ್ನು ಕರೆತರಲು ಕಾಕಾನೂ ಅಕಿವಾಟದಿಂದ ಬಂದಿದ್ದರು. ಅಕ್ಕ ಟಾಂಗಾದಿಂದ ಇಳಿಯುವಾಗ ಇಬ್ಬರು ಹಿಡಿಯಬೇಕಾಯಿತು. ಡೋಲಿ ಬೇಡವೆಂದು ಶಿಖರ್ಜಿಯ ಬೆಟ್ಟವನ್ನು ಬರಿಗಾಲಲ್ಲೇ ಹತ್ತಿದ್ದರಂತೆ. ಪಾದ ಬಾತು ಒಡೆದಿದ್ದವು, ಮುಖದಲ್ಲಿ ಎಲುಬು ಬಿಟ್ಟು ಏನೂ ಉಳಿದಿರಲಿಲ್ಲ. ಮೋತ್ಯಾ ಹುಚ್ಚೆದ್ದು ಓಡಿಬಂದು ಅವರ ಸೆರಗಿನಲ್ಲಿ ಮುಖ ಹುದುಗಿಸಿತು. ಎಲ್ಲರೂ ನಕ್ಕರು. ನಾನು ಹಾಸಿಗೆಯ ಕಟ್ಟು ಎತ್ತಿಕೊಳ್ಳಲು ಮುಂದೆ ಬಂದೆ.

ಮೋತ್ಯಾ ನನ್ನನ್ನು ಕಂಡದ್ದೇ ಚೀರಿತು. ಹಲ್ಲು ಬಿಡಲಿಲ್ಲ, ಗುರ್ರೆನ್ನಲಿಲ್ಲ. ಚೀರಿ, ಅಕ್ಕನ ಕಾಲ ಹಿಂದೆ ನೆಲಕ್ಕೆ ಬಿದ್ದು, ಅವರ ಬಾತ ಪಾದದ ಮೇಲೆಯೇ ಉಚ್ಚೆ ಹೊಯ್ದುಕೊಂಡಿತು.

ಸಾಹುಕಾರರು ಬಗ್ಗಿ ನಾಯಿಯ ತಲೆ ಸವರಿದರು. ಬೆರಳಿಗೆ ಕೂದಲಿಲ್ಲದ ಬಿಲ್ಲೆ ಹತ್ತಿತು.

"ಏನಿದು ಜಾಬರ?"

"ಬೀದಿನಾಯಿ ಕಡದಿತ್ರಿ ಸಾವಕಾರ್ರ. ಆರೈತಿ ಈಗ."

"ಬೀದಿನಾಯಿ ಕಡದ್ರ ನಿನ್ನ ನೋಡಿ ಯಾಕ ಉಚ್ಚಿ ಹೊಯ್ಕೋತೈತಿ? ಮನಿಶ್ಯಾ ಸುಳ್ಳ ಹೇಳ್ತಾನ, ನಾಯಿ ಹೇಳೂದಿಲ್ಲ."

ನಾನು ಕಾಕಾನ ಕಡೆ ನೋಡಿದೆ. ಕಾಕಾ ಟಾಂಗಾದವನೊಡನೆ ಚಿಲ್ಲರೆಯ ತಕರಾರು ತೆಗೆದಿದ್ದರು. ಅದು ಮುಗಿದ ಮೇಲೆ ಟ್ರಂಕಿನ ಹಗ್ಗದ ಗಂಟು ಬಿಚ್ಚಲು ಕೂತರು. ಸುಲಭದ ಗಂಟು. ಅವರು ಅದನ್ನು ಬಿಚ್ಚುತ್ತಲೇ ಇದ್ದರು.

"ತಮ್ಮಾ," ಎಂದರು ಅಕ್ಕ, ಉಸಿರು ಹಿಡಿದು ಹಿಡಿದು. "ಖರೆ ಹೇಳು. ಬಡದೀ ಇದಕ?"

ಹುಳಗಳ ಸಂಗತಿ ಹೇಳಿದರೆ ನಾನು ಪಾರಾಗುತ್ತಿದ್ದೆ. ನಾಯಿಯ ಜೀವ ಉಳಿಸಿದವನೆಂದು ಸಾಹುಕಾರರು ಬೆನ್ನು ತಟ್ಟುತ್ತಿದ್ದರೋ ಏನೋ. ಆದರೆ ಅಕ್ಕ ಹೇಳಿದ್ದನ್ನು ಹೇಳಿದಂತೆ ಮಾಡುವ ಹೆಂಗಸು. ಅನ್ನ ನೀರು ಬಿಟ್ಟು ಕೂತರೆ ಈ ಮೈ ಎರಡು ದಿನ ತಡೆಯುವ ಹಾಗಿರಲಿಲ್ಲ. ಇನ್ನೊಮ್ಮೆ ಕಾಕಾನನ್ನು ನೋಡಿದೆ. ಅವರು ಗಂಟಿನಿಂದ ತಲೆ ಎತ್ತಲಿಲ್ಲ.

"ಹೌದ್ರಿ ಅಕ್ಕಾರ. ಬಡದೇನಿ" ಎಂದೆ.

ಸಾಹುಕಾರರು ಕೈ ಎತ್ತಿದರು. ಅಕ್ಕ ತಡೆದರು. ಗೋಡೆ ಹಿಡಿದು ಕಟ್ಟೆಯ ಮೇಲೆ ಕೂತು, ನನಗೇ ಕೈ ಜೋಡಿಸಿದರು.

"ಸಿಟ್ಟಿಲ್ಲ ನಿನ್ನ ಮ್ಯಾಲ. ಕ್ಷಮಾ ಮಾಡೇನಿ. ನಾ ಯಾತ್ರಾ ಮಾಡಕೋತ ತಿರಗ್ಯಾಡಿ ಮೂಕ ಜೀವಾನ್ನ ಬ್ಯಾರೇದವರ ಕೈಯಾಗ ಇಟ್ಟೆ. ತಪ್ಪ ನಂದು. ಇದರ ಅಂಜಿಕಿ ಹೋಗೂತನಕಾ ನಾ ಅನ್ನ ಮುಟ್ಟೂದಿಲ್ಲ."

"ಅಕ್ಕಾರ!" ಎಂದು ಕೂಗಿದೆ. "ಹಂಗಲ್ರಿ..." ಅನ್ನವೊಂದನ್ನೇ ಬಿಟ್ಟವರು ನಿಜ ಕೇಳಿದರೆ ನೀರನ್ನೂ ಬಿಡುತ್ತಾರೆ.

ಸಾಹುಕಾರರು ತಣ್ಣಗಿನ ದನಿಯಲ್ಲಿ, "ಕೇಳಿದೀ ಇಲ್ಲೊ? ನೀ ಎಷ್ಟ ಲಗೂನ ಕಣ್ಣಿಂದ ಮರಿ ಆಗ್ತೀ ಅಷ್ಟ ಲಗೂನ ಅಕ್ಕಾ ಉಣ್ತಾಳ. ಪೇಟ್ಯಾಗಷ್ಟs ಅಲ್ಲ, ಈ ಊರಾಗs ಕಾಣಸಬ್ಯಾಡ" ಎಂದರು.

ಹೊರಟವನನ್ನು ಅಕ್ಕ ಬಿಡಲಿಲ್ಲ. ಉಪವಾಸ ಹೋಗಬಾರದು, ಯಾತ್ರೆಯಿಂದ ಬಂದ ಮನೆ ಎಂದರು. ಪಡಸಾಲೆಯಲ್ಲಿ ನನಗೂ ಕಾಕಾನಿಗೂ ಎಲೆ ಹಾಕಿಸಿದರು. ಒಡೆದ ಕಾಲು ಎಳೆಯುತ್ತ ತಾವೇ ಬಡಿಸಿದರು, ಉಣ್ಣದ ಆ ಹೆಂಗಸು. ನಾನು ಚಪಾತಿಯನ್ನು ನೀರು ಕುಡಿದು ಕುಡಿದು ನುಂಗಿದೆ. ಪಕ್ಕದಲ್ಲಿ ಕಾಕಾ ಎಲೆಯಿಂದ ಕಣ್ಣು ಎತ್ತದೆ ಉಣ್ಣುತ್ತಿದ್ದರು.

"ನಿನಗ ಇನ್ನೊಂದು?" ಎಂದು ಅಕ್ಕ ಕಾಕಾನನ್ನು ಕೇಳಿದರು.

"ಅರ್ಧಾ ಹಾಕ ಅಕ್ಕಾ. ತುಪ್ಪಾ ಸೊಲ್ಪ ಜಾಸ್ತಿ" ಎಂದರು ಕಾಕಾ.

ನಾನು ಕೈ ತೊಳೆದುಕೊಂಡು ಚೀಲ ಎತ್ತಿಕೊಂಡೆ. ಯಾರೂ ಗೇಟಿನ ತನಕ ಬರಲಿಲ್ಲ. ಹೊರಗೆ ಬೆಲ್ಲದ ಗಾಡಿಗಳು ಸಾಲಾಗಿ ನಿಂತಿದ್ದವು. ಇಚಲಕರಂಜಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಗೇಟಿನ ಚಿಲಕ ಹಾಕುವಾಗ ಒಳಗಿನಿಂದ ಅಕ್ಕನ ಸೋತ ದನಿ ಕೇಳಿಸಿತು.

"ಬಾರೋ ಮೋತ್ಯಾ, ಹೊರಗ ಬಾ. ಹೋದಾ ಅವಾ."